ತೊಗಲೋದ ಬಂಡೆ

ಬಾನಿಪಾಳ್ಯದ ಬಸ್ಸು ಪಾಳ್ಯದವರೆಗೆ ಹೋಗುವುದಿಲ್ಲ. ಹುಣಿಸೆತೋಪಿನ ತಿರುವಿನಲ್ಲಿ ನಮ್ಮನ್ನು ಇಳಿಸಿ ಬಂದ ದಾರಿಗೇ ತಿರುಗಿಬಿಡುತ್ತದೆ. ಅಲ್ಲಿಂದ ಮುಂದೆ, ಕಾವೇರಿಯ ಕಡೆಗೆ ಇಳಿಯುವ ಒಂದು ಹಳ್ಳ ದಾಟಿ, ಹಳದಿ ಹೂ ಬಿಟ್ಟ ತಂಗಡಿ ಗಿಡಗಳ ನಡುವಿನ ಕಾಲುದಾರಿ ಹಿಡಿದು ಅರ್ಧ ತಾಸು ನಡೆದರೆ, ಮಗುಚಿ ಹಾಕಿದ ದೊಡ್ಡ ಬಾನಿಯ ಹಾಗೆ ಒಂದು ಕರಿಬಂಡೆ ಎದುರಾಗುತ್ತದೆ. ಬಂಡೆಯ ನೆತ್ತಿಯಲ್ಲಿ ನಾಲ್ಕು ಕಲ್ಲುಕಂಬಗಳ ಪುಟ್ಟ ಮಂಟಪ, ಅದರ ಮೇಲೆ ತುಕ್ಕು ಹಿಡಿದ ಕಬ್ಬಿಣದ ಶಿಲುಬೆ, ಒಳಗೆ ಸೊಂಟದೆತ್ತರದ ಒಂದು ಮರದ ಪ್ರತಿಮೆ. ಯೇಸುಸ್ವಾಮಿಯ ಹನ್ನೆರಡು ಮಂದಿ ಪ್ರೇಷಿತರಲ್ಲಿ ಒಬ್ಬರಾದ ಬಾರ್ತೊಲೊಮಾಯರ ಪ್ರತಿಮೆ ಅದು. ಆದರೆ ಸುತ್ತಲ ಹಳ್ಳಿಗಳಲ್ಲಿ ಈ ಹೆಸರು ಹೇಳಿ ದಾರಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ, ತೊಗಲಪ್ಪ ಅನ್ನಬೇಕು. ಎಡಗೈಯ ಮೇಲೆ ಮಡಿಸಿದ ಕಂಬಳಿಯಂತೆ ಒಂದು ತೊಗಲು ಜೋತುಬಿದ್ದಿದೆ. ಬಲಗೈ ಮುಷ್ಟಿ ಕಟ್ಟಿದೆ, ಆದರೆ ಮುಷ್ಟಿಯೊಳಗೆ ಏನೂ ಇಲ್ಲ. ಆಚೆಯ ಬೆಳಕು ಈಚೆಗೆ ಕಾಣುವ ಒಂದು ತೂತು ಮಾತ್ರ ಇದೆ. ಕೊರಳಿನಿಂದ ಪಾದದವರೆಗೆ ಬಿಳಿ ಪಂಚೆ ಹೊದಿಸಿರುತ್ತಾರೆ. ಆ ಪಂಚೆ ಸರಿಸಿ ನೋಡುವ ಪದ್ಧತಿ ಇಲ್ಲ.

ಬಂಡೆಯ ಹೆಸರು ತೊಗಲೋದ ಬಂಡೆ. ಸರ್ವೆಯವರ ನಕಾಶೆಯಲ್ಲಿ ಇದನ್ನು ‘ತೊಗಲು ಹೋದ ಬಂಡೆ’ ಎಂದು ಬರೆದಿದ್ದಾರೆ. ಬರೆದವರು ಕಲಿತವರು. ಈ ಸೀಮೆಯ ಜನ ಹಕಾರ ನುಂಗುತ್ತಾರೆ, ಹೋದವನನ್ನು ‘ಓದ’ ಅನ್ನುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನುಂಗಿದ ಅಕ್ಷರವನ್ನು ಹಿಂದಿರುಗಿಸಿ ಉಪಕಾರ ಮಾಡಿದರು. ಮಂಟಪದ ದೀಪ ನೋಡಿಕೊಳ್ಳುವ ಇನ್ನಾಸಮ್ಮ ಎಂಬ ಮುದುಕಿ ಮಾತ್ರ ಇದನ್ನು ಒಪ್ಪುವುದಿಲ್ಲ. “ನುಂಗಿರೋದು ನಿಜ ಕಣಪ್ಪ, ಆದ್ರೆ ಅವರಂದ ಅಕ್ಷರ ಅಲ್ಲ. ಇದು ತೊಗಲು ಓದಿದ ಬಂಡೆ. ನಾವು ‘ದಿ’ ನುಂಗಿದೀವಿ,” ಎನ್ನುತ್ತಾಳೆ. ತೊಗಲನ್ನು ಓದುವುದುಂಟೇ ಎಂದು ಕೇಳಿದರೆ, ಪಕ್ಕದ ಕಲ್ಲು ತೋರಿಸಿ, “ಕೂತ್ಕೊ, ಬಿಸಿಲು ಇಳೀಲಿ,” ಎನ್ನುತ್ತಾಳೆ. ಅವಳು ಹೇಳಿದ್ದನ್ನೂ ಹಳ್ಳದಾಚೆಯ ಕುರಿಗಾಹಿಗಳು ಹೇಳಿದ್ದನ್ನೂ ಕೂಡಿಸಿ ಇಲ್ಲಿ ಬರೆದಿದೆ.

ಹಿಂದೆ ಒಮ್ಮೆ, ಈ ಸೀಮೆಯೆಲ್ಲ ಕೂಡ್ಲುಕೋಟೆಯ ಪಾಳೇಗಾರರ ಕೈಯಲ್ಲಿದ್ದಾಗ, ಈ ಬಂಡೆಯ ಬುಡದಲ್ಲಿ ತೊಗಲು ಹದ ಮಾಡುವವರ ಇಪ್ಪತ್ತು ಗುಡಿಸಲುಗಳಿದ್ದವು. ಸತ್ತ ದನವನ್ನು ಊರಿನಿಂದ ಹೊತ್ತು ತರುವುದು, ಸುಲಿಯುವುದು, ಉಪ್ಪು ಹಾಕಿ ಮಡಿಸಿಡುವುದು, ಸುಣ್ಣದ ಗುಂಡಿಯಲ್ಲಿ ಕೂದಲು ಬಿಡಿಸುವುದು, ತಂಗಡಿ ತೊಗಟೆಯ ರಸ ತುಂಬಿದ ಬಾನಿಗಳಲ್ಲಿ ವಾರಗಟ್ಟಲೆ ನೆನೆಹಾಕುವುದು ಅವರ ಕೆಲಸ. ಊರಿನ ಬಾವಿಗಳಿಂದ ನೀರೆತ್ತುವ ಕಪಿಲೆಯ ಚೀಲ, ನೊಗದ ಬಾರು, ಕಾಲಿನ ಜೋಡು ಎಲ್ಲವೂ ಅವರ ಕೈಯಿಂದಲೇ ಬರಬೇಕಿತ್ತು. ಆ ಕೈ ಮಾತ್ರ ಯಾರಿಗೂ ತಾಗಬಾರದಿತ್ತು. ಎರಡು ತಲೆಮಾರಿನ ಹಿಂದೆ ಯಾವನೋ ಪಾದ್ರಿ ಬಂದು ಅವರ ಗುಡಿಸಲಿನಲ್ಲಿ ಕೂತು ಗಂಜಿ ಕುಡಿದನಂತೆ. ಅಂದಿನಿಂದ ಪಾಳ್ಯವೆಲ್ಲ ಕ್ರೈಸ್ತವಾಯಿತು ಎನ್ನುತ್ತಾರೆ. ಪಾಳ್ಯದಲ್ಲಿ ಯಾಗಪ್ಪ ಎಂಬವನೂ ಅವನ ಹೆಂಡತಿ ಮದಲಮ್ಮನೂ ಇದ್ದರು. ಮದಲಮ್ಮನಿಗೆ ಸಮನಾಗಿ ತೊಗಲು ನೋಡುವವರು ಹತ್ತೂರಿನಲ್ಲಿ ಇರಲಿಲ್ಲ. ಹಸಿ ತೊಗಲಿನ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ, ಈ ಎತ್ತು ಎಡಕ್ಕೆ ಹೂಡುತ್ತಿದ್ದದ್ದು, ಈ ಹಸು ನಾಲ್ಕು ಕರು ಹಾಕಿದೆ, ಇದನ್ನು ಸಾಕಿದವನು ಮುಂಗೋಪಿ ಎಂದು ಹೇಳುತ್ತಿದ್ದಳು. ಯಾಗಪ್ಪ ಬಂದವರಿಗೆಲ್ಲ, “ನನ್ನ ಹೆಂಡ್ತಿಗೆ ಅಕ್ಷರ ಬರಲ್ಲ, ತೊಗಲು ಓದ್ತಾಳೆ. ಅವಳೆದುರಿಗೆ ನಾನು ಅಂಗಿ ಬಿಚ್ಚಕ್ಕೂ ಎದ್ರುತೀನಿ,” ಎಂದು ನಗಾಡುತ್ತಿದ್ದ.

ಪಾದ್ರಿಗಳು ವರ್ಷಕ್ಕೊಮ್ಮೆ, ಮೂರು ದಿನದ ದಾರಿ ನಡೆದು ಬರುತ್ತಿದ್ದರು. ಒಂದು ವರ್ಷ ಬಂದವರು ಎತ್ತಿನ ಮೇಲೆ ಗೋಣಿಯಲ್ಲಿ ಸುತ್ತಿದ ಈ ಪ್ರತಿಮೆಯನ್ನು ತಂದರು. ಸಮುದ್ರದ ಕಡೆಯ ಯಾರೋ ಬಡಗಿ ಕೆತ್ತಿದ್ದು. ಗೋಣಿ ಬಿಚ್ಚಿದ ಕೂಡಲೇ ಪಾಳ್ಯದವರು ಮುಗಿಬಿದ್ದು ನೋಡಿದರು. ಗಡ್ಡದ ಮನುಷ್ಯ, ಕೆಂಪಂಗಿ ತೊಟ್ಟಿದ್ದಾನೆ. ಬಲಗೈಯಲ್ಲಿ ಸುಲಿಗತ್ತಿ, ಎಡಗೈ ಮೇಲೆ ತೊಗಲು. ದಿನಾ ಸಂಜೆ ಹಳ್ಳದಿಂದ ಮನೆಗೆ ಬರುವ ಗಂಡಸರು ಹೀಗೇ ಅಲ್ಲವೇ ಬರುವುದು. ಪಾದ್ರಿಗೆ ಕನ್ನಡ ಅರ್ಧಂಬರ್ಧ. ಜೊತೆಗೆ ಅಂದು ಚಳಿಜ್ವರ ಬಂದಿತ್ತು. ಅವರು ಕಂಬಳಿಯೊಳಗಿಂದಲೇ, “ಇವರು ತೊಗಲು ಕೊಟ್ಟವರು, ಸ್ವಾಮಿಗಾಗಿ ತೊಗಲು ಕೊಟ್ಟವರು,” ಎಂದು ಎರಡು ಸಲ ಹೇಳಿದರು. ಪಾಳ್ಯದ ಮಾತಿನಲ್ಲಿ ತೊಗಲು ಕೊಡೋನು ಅಂದರೆ ಊರೂರಿಗೆ ಹದ ಮಾಡಿದ ತೊಗಲು ಒದಗಿಸುವ ಕಸುಬುದಾರ. “ಅಂಗಾದ್ರೆ ನಮ್ಮೋನೇ ಕಣ್ರಪ್ಪಾ,” ಎಂದು ಪಾಳ್ಯದ ಯಜಮಾನ ಸವರಪ್ಪ ಅತ್ತೇಬಿಟ್ಟನಂತೆ. ಯೇಸುಸ್ವಾಮಿ ಮೀನು ಹಿಡಿಯುವವರನ್ನು ಕರೆದದ್ದು ಅವರಿಗೆ ಗೊತ್ತಿತ್ತು. ತಮ್ಮವನೊಬ್ಬನನ್ನೂ ಕರೆದಿದ್ದ ಎಂಬುದು ಅಂದು ಗೊತ್ತಾಯಿತು. ಅಂದಿನಿಂದ ತೊಗಲಪ್ಪ ಎಂಬ ಹೆಸರು ನಿಂತಿತು. ನಮ್ಮ ಸಾಮಿ ಸುಲಿಗತ್ತಿ ಹಿಡಿದೋನು ಎಂದು ಸಂತೆಯಲ್ಲಿ, ಹಾದಿಯಲ್ಲಿ, ಬಾವಿಕಟ್ಟೆಯ ದೂರದಲ್ಲಿ ನಿಂತು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ತಲೆ ಎತ್ತಿ ಹೇಳಿಕೊಳ್ಳುವಂಥ ಮಾತು ಅವರಿಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಮದಲಮ್ಮ ಒಬ್ಬಳು ಆ ತೊಗಲನ್ನು ಮುಟ್ಟಿ ನೋಡಿದಳು. ಮಡಿಕೆಯ ಒಳಗೆ ಬೆರಳು ತೂರಿಸಿ, ತೆಗೆದು, ಮತ್ತೆ ತೂರಿಸಿದಳು. ಆಮೇಲೆ ಗಂಡನನ್ನು ಪಕ್ಕಕ್ಕೆ ಕರೆದು, “ಕೇಳಿ ಇಲ್ಲಿ, ಅದು ದನದ್ದೂ ಅಲ್ಲ, ಆಡಿಂದೂ ಅಲ್ಲ. ಅಂಚಲ್ಲಿ ಬೆರಳವೆ,” ಅಂದಳು. ಯಾಗಪ್ಪ ನಕ್ಕು, “ಕೆತ್ತಿದೋನು ಜನ್ಮದಲ್ಲಿ ತೊಗಲು ನೋಡಿಲ್ಲ, ಗೊರಸು ಮಾಡಕ್ಕೋಗಿ ಬೆರಳು ಮಾಡವ್ನೆ. ಬುಡು ಅಮ್ಮಿ, ಜನ ಖುಷಿಯಾಗವ್ರೆ,” ಎಂದ. ಹೌದು, ಜನ ಖುಷಿಯಾಗಿದ್ದರು. ಮದಲಮ್ಮ ಬಾಯಿ ಮುಚ್ಚಿಕೊಂಡಳು.

ಕೆಲವು ವರ್ಷ ಕಳೆದ ಮೇಲೆ ಒಂದು ಬೇಸಗೆಯಲ್ಲಿ ದನಗಳಿಗೆ ದೊಡ್ಡರೋಗ ಬಂತು. ಬೆಳಿಗ್ಗೆ ಮೇವು ಬಿಟ್ಟ ಎತ್ತು ಮೂರನೆಯ ದಿನಕ್ಕೆ ನೆಲ ಹಿಡಿಯುತ್ತಿತ್ತು. ಪಾಳ್ಯದವರಿಗೆ ಹೊತ್ತು ತಂದು ಮುಗಿಯಲಿಲ್ಲ. ಬಾನಿಗಳು ತುಂಬಿ, ತೊಗಲುಗಳು ಬಂಡೆಯ ಮೇಲೆಲ್ಲ ಹರಡಿದವು. ದೂರದಿಂದ ನೋಡಿದವರಿಗೆ ಅದು ಸುಗ್ಗಿಯ ಹಾಗೆ ಕಂಡಿತು. ಊರಿನ ಮನೆಮನೆಯಲ್ಲಿ ಅಳು, ಇವರ ಬಂಡೆಯ ಮೇಲೆ ಮಾತ್ರ ರಾಶಿ. ತೊಗಲಿನ ಆಸೆಗೆ ಗುಲಗಂಜಿಯ ವಿಷ ಅರೆದು ಸೂಜಿ ಮಾಡಿ ದನಗಳಿಗೆ ಚುಚ್ಚುತ್ತಾರಂತೆ ಎಂಬ ಮಾತು ಮೊದಲು ಬಾವಿಕಟ್ಟೆಯಲ್ಲಿ ಹುಟ್ಟಿ ಆಮೇಲೆ ಕೋಟೆಗೆ ಹೋಯಿತು. ಅಷ್ಟರಲ್ಲಿ ಪಾಳೇಗಾರ ಕೆಂಚಪ್ಪನಾಯಕನ ಪ್ರೀತಿಯ ಬಿಳಿ ಹೋರಿ ಹಾಲಣ್ಣ ಸತ್ತಿತು. ಸಾಯುವ ನಾಲ್ಕು ದಿನ ಮುಂಚೆ ಅದರ ಕೊರಳಿಗೆ ಹೊಸ ಬಾರು ಹೊಂದಿಸಲು ಕೊಟ್ಟಿಗೆಗೆ ಹೋಗಿದ್ದವನು ಯಾಗಪ್ಪ. ಸತ್ತ ಮೇಲೆ ಹೊತ್ತು ತಂದವನೂ ಯಾಗಪ್ಪ. ಇನ್ನೇನು ಬೇಕಾಗಿತ್ತು? ಮರುದಿನ ಕೋಟೆಯ ಆಳುಗಳು ಬಂದು ಅವನನ್ನು ಇದೇ ಬಂಡೆಯ ಮೇಲೆ, ಅಂದು ನೆಟ್ಟ ಒಂದು ಗೂಟಕ್ಕೆ ಕಟ್ಟಿದರು. ವಿಷ ಎಲ್ಲಿಂದ ಬಂತು, ಜೊತೆಗೆ ಯಾರಿದ್ದರು ಎಂದು ಮೂರು ದಿನದೊಳಗೆ ಹೇಳಬೇಕು. ಹೇಳಿದರೆ ಹೆಸರು ಬಂದವರಿಗೆಲ್ಲ ನೇಣು. ಹೇಳದಿದ್ದರೆ ಅವನೊಬ್ಬನಿಗೆ ನೇಣು, ಪಾಳ್ಯದವರೆಲ್ಲ ಹೊಳೆಯಾಚೆಗೆ ಗಡೀಪಾರು. ಅಲ್ಲಿಯವರೆಗೆ ದಿನಕ್ಕೆ ಎರಡು ಹೊತ್ತು ಬಾರುಕೋಲಿನ ಏಟು. ಆ ಬಾರು ಯಾಗಪ್ಪನೇ ಹದ ಮಾಡಿ ಕೋಟೆಗೆ ಕೊಟ್ಟದ್ದು. ಗಟ್ಟಿಯಾಗಿ ಮಾಡಿದ್ದ.

ಪಾದ್ರಿಯನ್ನು ಕರೆತರಲು ಒಬ್ಬನನ್ನು ಓಡಿಸಿದರು. ಹೋಗಲು ಮೂರು ದಿನ, ಬರಲು ಮೂರು ದಿನ. ಇವರ ಕೈಯಲ್ಲಿದ್ದದ್ದು ಒಟ್ಟು ಮೂರು ದಿನ. ಲೆಕ್ಕ ಎಲ್ಲರಿಗೂ ಗೊತ್ತಿತ್ತು, ಆದರೂ ಓಡಿಸಿದರು. ಮದಲಮ್ಮ ಮಾತ್ರ ಉಪ್ಪು ಹಾಕಿ ಮಡಿಸಿಟ್ಟಿದ್ದ ಹಾಲಣ್ಣನ ತೊಗಲನ್ನು ತಲೆಯ ಮೇಲೆ ಹೊತ್ತುಕೊಂಡು ಬಂಡೆಯ ಬುಡಕ್ಕೆ ಬಂದಳು. ಸೂಜಿ ಚುಚ್ಚಿದ್ದರೆ ತೊಗಲಿನಲ್ಲಿ ತೂತಿರಬೇಕು, ತೂತಿನ ಸುತ್ತ ಕಪ್ಪು ಉಂಗುರ ಕಟ್ಟಿರಬೇಕು. ಬಿಡಿಸಿ ತೋರಿಸುತ್ತೇನೆ ಎಂದಳು. ಕೋಟೆಯ ಶಾನುಭೋಗ ಅವಳನ್ನು ಕೋಲಿನಷ್ಟು ದೂರ ನಿಲ್ಲಿಸಿ ಕೇಳಿದ, “ತೊಗಲು ನೋಡಿ ಹೇಳಕ್ಕೆ ಯಾರಿಗೆ ಬರುತ್ತೆ?” “ನಮಗೆ ಬತ್ತದೆ ಬುದ್ದಿ.” “ವಿಷ ಹಾಕಿದಾರೆ ಅಂತ ಮಾತು ಬಂದಿರೋದು ಯಾರ ಮೇಲೆ?” ಮದಲಮ್ಮ ಹೊರೆ ಇಳಿಸಿ ಬಿಚ್ಚಲು ಬಗ್ಗಿದಳು. “ವಿಷ ಹಾಕೋರೂ ನೀವೇ, ಸಾಕ್ಷಿಗೆ ಓದಿ ಹೇಳೋರೂ ನೀವೇ. ಬಹಳ ಚೆನ್ನಾಗಿದೆ. ಹೋಗು,” ಎಂದ. ಎರಡನೆಯ ದಿನವೂ ಹೊತ್ತು ತಂದಳು, ಎರಡನೆಯ ದಿನವೂ ಓಡಿಸಿದರು. ಮೇಲಿನಿಂದ ಏಟಿನ ಸದ್ದು ಕೇಳುತ್ತಿತ್ತು. ತೊಗಲಿನ ಮೇಲೆ ತೊಗಲು ಬಿದ್ದ ಸದ್ದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ಅವಳು. ಒಣಗಿದ್ದಕ್ಕೆ ಬಿದ್ದದ್ದು ಯಾವುದು, ಒದ್ದೆಯಾದದ್ದಕ್ಕೆ ಬಿದ್ದದ್ದು ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೂರನೆಯ ದಿನ ಪಾಳೇಗಾರ ತಾನೇ ಬಂಡೆಗೆ ಬಂದ. ನೇಣಿಗೆ ಮುಂಚೆ ಆಣೆಪ್ರಮಾಣ ಆಗಬೇಕೆಂಬುದು ಆ ಕಾಲದ ಕಟ್ಟಳೆ. ನಿಮ್ಮ ದೇವರನ್ನು ತಂದು, ಅದರ ಮೇಲೆ ಕೈಯಿಟ್ಟು, ನಾವು ವಿಷ ಹಾಕಿಲ್ಲ ಎಂದು ಯಜಮಾನ ಆಣೆ ಮಾಡಲಿ ಎಂದ. ಪಾಳ್ಯಕ್ಕೆ ಜೀವ ಬಂದಂತಾಯಿತು. ತೊಗಲಿನ ವ್ಯಾಜ್ಯಕ್ಕೆ ತೊಗಲಪ್ಪನಿಗಿಂತ ದೊಡ್ಡ ಸಾಕ್ಷಿ ಯಾರು? ಹೆಗಲ ಮೇಲೆ ಹೊತ್ತು ಹಾಡಿಕೊಂಡು ತಂದು ಗೂಟದ ಎದುರಿಗೆ ನಿಲ್ಲಿಸಿದರು. ಯಾಗಪ್ಪ ತಲೆ ಎತ್ತಿ ನೋಡಲಿಲ್ಲ. ಶಾನುಭೋಗ ಪ್ರತಿಮೆಯ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಕೋಲಿನ ತುದಿಯಿಂದ ತೊಗಲಿನ ಮಡಿಕೆಯನ್ನು ಎತ್ತಿದ. ಮಡಿಕೆಯ ಒಳಗಿನಿಂದ ಜೋತುಬಿದ್ದ ಒಂದು ಮನುಷ್ಯಮುಖ ಎಲ್ಲರ ಕಡೆ ನೋಡಿತು. “ಇದು ದನದ ತೊಗಲಲ್ಲ,” ಎಂದ ಶಾನುಭೋಗ. “ಬೆರಳಿದೆ, ಮುಖ ಇದೆ. ಇವರ ದೇವರು ಮನುಷ್ಯರನ್ನ ಸುಲಿಯೋನು. ಊರೆಲ್ಲ ಹೇಳ್ಕೊಂಡು ತಿರುಗಿದಾರೆ, ನಮ್ಮೋನೇ, ನಮ್ಮ ಕಸುಬಿನೋನೇ ಅಂತ. ಮನುಷ್ಯರನ್ನ ಬಿಡದೋರು ಹೋರೀನ ಬಿಡ್ತಾರಾ?” ಜನ ಹಿಂದಕ್ಕೆ ಸರಿದರು. ಸವರಪ್ಪ ಆಣೆಗೆ ಚಾಚಿದ್ದ ಕೈ ಹಾಗೇ ನಿಂತಿತು. “ಬುದ್ದಿ, ನಮಗೆ ಗೊತ್ತಿರ್ನಿಲ್ಲ,” ಎಂದ. ಪಾಳ್ಯದವರ ಇಷ್ಟು ವರ್ಷದ ಹೆಮ್ಮೆ ಹಗ್ಗವಾಗಿ ಯಾಗಪ್ಪನ ಕೊರಳಿಗೆ ಬಂದಿತ್ತು. ಪಾಳೇಗಾರ ನೇಣಿಗೆ ಅಪ್ಪಣೆ ಕೊಡಲು ಎದ್ದು ನಿಂತ.

ಆಗ ಮದಲಮ್ಮ ತಲೆಯ ಹೊರೆ ಇಳಿಸಿ ಮುಂದೆ ಬಂದಳು. ತೊಗಲು ಓದಲು ಅಪ್ಪಣೆ ಬೇಕು, ಹೋರಿಯದಲ್ಲ, ಸ್ವಾಮಿಯದು ಎಂದಳು. ಪಾಳೇಗಾರ ತಡೆಯಲಿಲ್ಲ. ಅವಳು ಒಂದು ಕೈಯನ್ನು ಪ್ರತಿಮೆಯ ಮುಖದ ಮೇಲೆ, ಇನ್ನೊಂದನ್ನು ಜೋತುಬಿದ್ದ ಮುಖದ ಮೇಲೆ ಇಟ್ಟು, ಕಣ್ಣು ಮುಚ್ಚಿದಳು. “ಇಲ್ಲಿ ಗಡ್ಡ ಎರಡಾಗಿ ಸೀಳ್ಕಂಡದೆ, ಅಲ್ಲೂ ಸೀಳ್ಕಂಡದೆ. ಇಲ್ಲಿ ಎಡಗಣ್ಣಿನ ಉಬ್ಬಿನ ಮೇಲೆ ಗಾಯದ ಗೆರೆ ಅದೆ, ಅಲ್ಲೂ ಅದೆ. ಎರಡೂ ಒಬ್ಬಂದೇ ಬುದ್ದಿ.” ಆಮೇಲೆ ಕೈಯನ್ನು ಕೊರಳಿಗೆ ಇಳಿಸಿ, ಎದೆಗೆ ಇಳಿಸಿ, ತೋಳಿಗೆ ತಂದು ನಿಲ್ಲಿಸಿದಳು. “ನಾವು ಇದನ್ನ ಕೆಂಪಂಗಿ ಅಂದ್ಕಂಡಿದ್ದೋ. ಅಂಗಿ ಅಲ್ಲ. ತೊಗಲು ತೆಗೆದ ಮೇಲೆ ಮಾಂಸದ ಮೇಲೆ ಇಂಗೇ ಎಳೆ ಎಳೆ ಇರ್ತದೆ. ದಿನಾ ನೋಡೋರು ನಾವು, ನಮಗೇ ಕಾಣಿಸ್ನಿಲ್ಲ. ಬ್ಯಾರೆಯೋರ ತೊಗಲು ಸುಲಿದೋನ ಮೈಮೇಲೆ ತನ್ನ ತೊಗಲಾದ್ರೂ ಇರ್ಬೇಕಲ್ವಾ ಬುದ್ದಿ? ಇವನ ಮೈಮೇಲೆ ಇಲ್ಲ. ಇವನು ಸುಲಿದೋನಲ್ಲ. ಇವನ್ನ ಸುಲಿದವ್ರೆ.” ಪಾಳ್ಯದವರು ಮುಂದೆ ಬಂದು ನೋಡಿದರು, ನೋಡಿದ ಕೂಡಲೇ ಅವರಿಗೆ ಓದಲು ಬಂತು. ಸವರಪ್ಪ ಸೊಂಟದ ಮೇಲಿನ ತುಂಡುಪಂಚೆ ಬಿಚ್ಚಿ ಪ್ರತಿಮೆಯ ಮೈಗೆ ಹೊದಿಸಿದ. ಮದಲಮ್ಮ ಪ್ರತಿಮೆಯ ಮುಷ್ಟಿಯಿಂದ ಸುಲಿಗತ್ತಿಯನ್ನು ಎಳೆದು ತೆಗೆದು ಪಾಳೇಗಾರನ ಕಾಲ ಮುಂದೆ ಇಟ್ಟಳು. “ಇದು ಇವನದಲ್ಲ. ಯಾರದೋ ಅವರ ಹತ್ರ ಇರ್ಲಿ,” ಅಂದಳು.

ಅಷ್ಟಕ್ಕೇ ಯಾಗಪ್ಪನ ಹಗ್ಗ ಬಿಚ್ಚಲಿಲ್ಲ. ಅವಳು ಹಾಲಣ್ಣನ ತೊಗಲನ್ನು ಬಂಡೆಯ ಮೇಲೆ ಬಿಡಿಸಿ ಹಾಸಿದಳು. “ನಾವು ಓದಿದ್ರೆ ವಿಷ ಆಕಿದೋರ ಮಾತು ಅಂತೀರಿ. ನೀವೇ ಓದಿ ಬುದ್ದಿ. ಕೈಯಿಡಿ.” ಶಾನುಭೋಗ, ಮೈಲಿಗೆ, ಮೈಲಿಗೆ ಎಂದು ಅಡ್ಡ ಬಂದ. ಕೆಂಚಪ್ಪನಾಯಕ ಅವನನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ ಕೂತು, ಕೈ ಎಲ್ಲಿಡಬೇಕೆಂದು ಕೇಳಿದನಂತೆ. ಅವಳು ಮುಟ್ಟದೆ, ದೂರದಿಂದಲೇ ಹೇಳಿದಳು: ಕೊರಳಿಂದ ಶುರು ಮಾಡಿ, ಕೂದಲು ಇಳಿದ ಕಡೆಗೇ ಬನ್ನಿ, ಅವಸರ ಮಾಡಬೇಡಿ. ಅವನ ಬೆರಳು ಹೆಗಲು ದಾಟಿದ ಮೇಲೆ ಒಂದು ಕಡೆ ನಿಂತಿತು. ಕರುವಾಗಿದ್ದಾಗ ಕಿರುಬ ಪರಚಿದ ನಾಲ್ಕು ಗೀರು ಅಲ್ಲಿದ್ದವು. ಒಂದು ತಿಂಗಳು ಅವನೇ ಅರಿಸಿನ ಹಚ್ಚಿ ಮಾಯಿಸಿದ್ದ. “ಹಾಲಣ್ಣ,” ಅಂದ. ಆಮೇಲೆ ಅವನ ಕೈ ತಾನಾಗಿಯೇ ಓದಿಕೊಂಡು ಹೋಯಿತು. ಇಡೀ ತೊಗಲಿನಲ್ಲಿ ತೂತಿರಲಿಲ್ಲ, ಕಪ್ಪು ಉಂಗುರವಿರಲಿಲ್ಲ. ತೊಡೆಸಂದಿಯಲ್ಲಿ, ಬಾಯಿಯ ಅಂಚಿನಲ್ಲಿ ಒಣಗಿದ ಹುಣ್ಣುಗಳಿದ್ದವು. ಸುತ್ತ ಹಾಸಿದ್ದ ಬೇರೆ ತೊಗಲುಗಳನ್ನೂ ಮುಟ್ಟಿ ನೋಡಿದ. ಬಡವರ ಎತ್ತು, ಕೋಟೆಯ ಹೋರಿ, ಎಲ್ಲಕ್ಕೂ ಅದೇ ಜಾಗದಲ್ಲಿ ಅದೇ ಹುಣ್ಣು. ಎದ್ದು, ಕೈ ತೊಳೆಯದೆ, ತಾನೇ ಹೋಗಿ ಯಾಗಪ್ಪನ ಹಗ್ಗ ಬಿಚ್ಚಿದ ಎನ್ನುತ್ತಾರೆ. ಕೋಟೆಯ ಕಡೆಯವರು ಆಳಿನ ಕೈಯಲ್ಲಿ ಬಿಚ್ಚಿಸಿದ ಎನ್ನುತ್ತಾರೆ.

ಹಗ್ಗ ಬಿಚ್ಚಿದರೂ ಯಾಗಪ್ಪ ಗೂಟವನ್ನು ಬಿಡಲಿಲ್ಲ, ಅಪ್ಪಿಕೊಂಡೇ ಇದ್ದ. ಅವನ ಬೆನ್ನಿನ ಮೇಲೆ ಓದಲು ಏನೂ ಉಳಿದಿರಲಿಲ್ಲ. ಬಾಳೆ ಎಲೆಯ ಮೇಲೆ ಬೋರಲು ಮಲಗಿಸಿ ಮನೆಗೆ ಹೊತ್ತರು. ಕೋಟೆಯಿಂದ ಬೆಣ್ಣೆ ಬಂತು, ವೈದ್ಯ ಬಂದು ಬಾಗಿಲಿನಿಂದಲೇ ಸೊಪ್ಪಿನ ಹೆಸರು ಹೇಳಿ ಹೋದ. ಸಾವಿರ ತೊಗಲು ಹದಕ್ಕೆ ತಂದ ಪಾಳ್ಯಕ್ಕೆ ಆ ಒಂದು ಬೆನ್ನನ್ನು ಹದಕ್ಕೆ ತರಲಾಗಲಿಲ್ಲ. ಮದಲಮ್ಮ ನೊಣ ಓಡಿಸುತ್ತ ಪಕ್ಕದಲ್ಲಿ ಕೂತಿದ್ದಳು. “ನೀನು ಆವತ್ತೇ ಏಳಿದ್ದೆ ಕಣಮ್ಮಿ, ಬೆರಳವೆ ಅಂತ,” ಎಂದು ಅವನು ಒಮ್ಮೆ ಹೇಳಿದನಂತೆ. “ಏಳಿ ಸುಮ್ಮನಾಗ್ಬುಟ್ಟೆ,” ಎಂದಳಂತೆ ಅವಳು. ಗೂಟಕ್ಕೆ ಕಟ್ಟಿದ ದಿನದಿಂದ ಆರನೆಯ ದಿನ ಯಾಗಪ್ಪ ತೀರಿಕೊಂಡ. ಮಣ್ಣು ಮಾಡುವ ಹೊತ್ತಿಗೆ ಪಾದ್ರಿ ಬಂದರು, ಕಾಲೆಲ್ಲ ಬೊಬ್ಬೆ. ಕುಣಿಯ ಪಕ್ಕದಲ್ಲಿ ನಿಂತು, ಪ್ರೇಷಿತ ಬಾರ್ತೊಲೊಮಾಯರು ದೂರದೇಶದ ರಾಜನ ಅಪ್ಪಣೆಯಂತೆ ಜೀವಂತವಾಗಿಯೇ ತೊಗಲು ಸುಲಿಸಿಕೊಂಡು ಸತ್ತ ಕತೆಯನ್ನು ಈ ಸಲ ಪೂರ್ತಿ ಹೇಳಿದರು. “ತನ್ನ ತೊಗಲು ಕೊಟ್ಟವರು. ತನ್ನ ಅನ್ನೋ ಮಾತು ನನಗೆ ಅಂದು ಸಿಗಲಿಲ್ಲ,” ಎಂದು ಅತ್ತರು. ಮದಲಮ್ಮ, “ಅದೊಂದು ಮಾತು ಆವತ್ತು ಸಿಕ್ಕಿದ್ರೆ ಚೆನ್ನಾಗಿತ್ತು ಗುರುಗಳೇ,” ಎಂದಳು. ಅಷ್ಟೇ ಹೇಳಿ, ಮಣ್ಣು ಹಾಕಿದಳು.

ಪಾಳೇಗಾರ ಮಂಟಪ ಕಟ್ಟಿಸಿ ಬಂಡೆಯನ್ನು ಪಾಳ್ಯಕ್ಕೆ ಬಿಟ್ಟುಕೊಟ್ಟ. ಅದಕ್ಕೆ ತಾಮ್ರದ ಶಾಸನ ಇದೆ ಎನ್ನುತ್ತಾರೆ, ಕಂಡವರಿಲ್ಲ. ಸುಲಿಗತ್ತಿ ಏನಾಯಿತೋ ಅದೂ ಗೊತ್ತಿಲ್ಲ. ಈಗ ಪಾಳ್ಯದಲ್ಲಿ ತೊಗಲಿನ ಕೆಲಸ ಮಾಡುವವರು ಯಾರೂ ಇಲ್ಲ; ಬಾನಿಗಳಲ್ಲಿ ಮಳೆನೀರು ನಿಂತು ಕಪ್ಪೆ ಕೂಗುತ್ತವೆ. ಗೂಟ ನೆಟ್ಟಿದ್ದ ಕುಳಿ ಮಂಟಪದ ಎದುರಿಗೆ ಇದೆ, ಅದರಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ. ಆಗಸ್ಟ್ ಇಪ್ಪತ್ತನಾಲ್ಕರ ಹಬ್ಬಕ್ಕೆ ದೂರದಿಂದ ಬಂದವರು ಪ್ರತಿಮೆಯ ಬರಿಗೈ ನೋಡಲಾರದೆ ಮುಷ್ಟಿಯ ತೂತಿಗೆ ಹೂವನ್ನೋ ಊದುಬತ್ತಿಯನ್ನೋ ಸಿಕ್ಕಿಸುತ್ತಾರೆ. ಅವರು ಅತ್ತ ಹೋದ ಮೇಲೆ ಇನ್ನಾಸಮ್ಮ ಅದನ್ನು ಕಿತ್ತು ಪಾದದ ಬಳಿ ಇಡುತ್ತಾಳೆ. ತೋಳಿನ ಮೇಲಿನ ತೊಗಲು ಮಾತ್ರ ಪಂಚೆಯ ಹೊರಗೇ ಇರುತ್ತದೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಅದರ ಮುಖ ಸವೆದುಹೋಗಿದೆ, ಗಡ್ಡವಿಲ್ಲ, ಹುಬ್ಬಿಲ್ಲ. ಕತೆ ಗೊತ್ತಿಲ್ಲದವರು ನೋಡಿ, ದನದ ತೊಗಲಿರಬೇಕು ಎಂದುಕೊಂಡು ಇಳಿದುಹೋಗುತ್ತಾರೆ. ನಾನೂ ಮೊದಲ ಸಲ ಹಾಗೇ ಅಂದುಕೊಂಡೆ. ಹೊರಟವನನ್ನು ಇನ್ನಾಸಮ್ಮ ಕರೆದಳು. “ಕಣ್ಣಲ್ಲಿ ಓದಕ್ಕಾಗಲ್ಲ ಕಣಪ್ಪ. ಕೈಯಿಡು.” ಮಡಿಕೆಯ ಒಳಗೆ ಕೈ ತೂರಿಸಿದೆ. ಒಳಗೆ ತಣ್ಣಗಿತ್ತು. ಅಂಚಿನವರೆಗೆ ಹೋದ ಮೇಲೆ, ಯಾರ ಕೈಯೂ ಅಷ್ಟಾಗಿ ತಲುಪದ ಜಾಗದಲ್ಲಿ, ಐದು ಬೆರಳು ಸಿಕ್ಕವು.